ಐನೂರು ಮೀಟರ್ ಆಚೆಗಿನ ಕರೆಂಟು ಯಾರದು?

ಹೋದ ವಾರ ಲಿಂಗಸುಗೂರು ಕಡೆ ಸೋದರಮಾವನ ಹೊಲಕ್ಕೆ ಹೋಗಿದ್ದೆ. ಮಧ್ಯಾಹ್ನ ಹನ್ನೆರಡರ ಬಿಸಿಲು. ನಮ್ಮ ರಾಯಚೂರು ಜಿಲ್ಲೆ ಬಿಸಿಲು ಹೆಂಗಿರ್ತದ ಅಂತ ಈ ಪೇಜ್ ಓದೋರಿಗೆ ಹೇಳೋದು ಬ್ಯಾಡ. ಹೊಲದಾಗ ಏನೂ ಇರಲಿಲ್ಲ, ತೊಗರಿ ಕಟಾವಾಗಿ ಎರಡು ತಿಂಗಳ ಮ್ಯಾಲೆ ಆಗಿತ್ತು, ಉಳ್ಳಾಗಡ್ಡಿನೂ ಕಿತ್ತಿದ್ರು. ಮಸಾರಿ ನೆಲ ಬಿರಿದು ಮಲಗಿತ್ತು. ಅದರ ನಡುವೆ ಹದಿನಾರು ಸೋಲಾರ್ ಪ್ಯಾನೆಲ್ ಆಕಾಶಕ್ಕ ಮುಖ ಮಾಡಿ ನಿಂತಿದ್ವು. ಕೆಳಗಿನ ನೆರಳಾಗ ಮಾವನ ಆಡು ಮಲಗಿದ್ವು.

"ಮಾವ, ಪಂಪ್ ಯಾವಾಗ ಹಚ್ಚಿದ್ರಿ ಕೊನಿಗೆ?" ಅಂದೆ.

"ಹಚ್ಚಿ ಒಂದೂವರೆ ತಿಂಗಳಾತು ಅಳಿಯಾ. ಬೆಳಿ ಇಲ್ಲ, ನೀರು ಹಚ್ಚಿ ಏನ್ ಮಾಡ್ಲಿ? ಈಗ ಇದು ಆಡಿನ ನೆರಳಿಗೆ ಆಗ್ಯದ ನೋಡು."

ಅಲ್ಲೇ ಬದುವಿನ ಮ್ಯಾಲೆ ಕುಂತು ಲೆಕ್ಕ ಹಾಕಿದ್ವಿ. ಒಂದೊಂದು ಪ್ಯಾನೆಲ್ 300 ವ್ಯಾಟಿಂದು, ಒಟ್ಟು 4.8 ಕಿಲೋವ್ಯಾಟ್. 5 ಎಚ್‌ಪಿ ಪಂಪಿಗೆ ಯೋಜನೆಯಲ್ಲಿ ಕೊಡೋ ಅಳತೆ ಅದು. ಒಂದು ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಅಂತ ಕಡಿಮೆನೇ ಹಿಡಿದ್ರೂ ದಿನಕ್ಕೆ 19 ಯೂನಿಟ್. ಮಾವನ ನೆನಪಿನ ಪ್ರಕಾರ ಹೋದ ವರ್ಷ ಪಂಪ್ ಓಡಿದ್ದು ನೂರಾ ಅರವತ್ತು ದಿನ ಇರಬಹುದು. ಉಳಿದ ಇನ್ನೂರು ದಿನದ 3,800 ಯೂನಿಟ್ ಹುಟ್ಟಲೇ ಇಲ್ಲ. ಬಿಸಿಲು ಬಿತ್ತು, ಪ್ಯಾನೆಲ್ ಕಾದು ಸುಮ್ಮನಾಯ್ತು, ಅಷ್ಟೇ. ಯೂನಿಟಿಗೆ 3 ರೂಪಾಯಿ ಹಿಡಿದ್ರೂ 11,400 ರೂಪಾಯಿ. ದೊಡ್ಡ ದುಡ್ಡಲ್ಲ. ಆದ್ರೆ ಮಾವನ ತೊಗರಿ ಬೀಜ, ಔಷಧಿ ಖರ್ಚು ಅದರಾಗ ಹೊಂಡ್ತದ.

ಅದಕ್ಕಿಂತ ಹೆಚ್ಚು ನನ್ನ ತಲಿ ಕೆಡಿಸಿದ್ದು ಮಾವನ ಮನಿ ಮುಂದಿನ ಹಿಟ್ಟಿನ ಗಿರಣಿ. ಚಿಕ್ಕ ಗಿರಣಿ, ಅತ್ತಿ ನಡಿಸ್ತಾರ. ಹೊಲದಾಗೇ ಮನಿ, ಅಲ್ಲಿಗೆ ಲೈನ್ ಬಂದಿಲ್ಲ. ಗಿರಣಿ ಓಡೋದು ಡೀಸೆಲ್ ಎಂಜಿನ್ ಮ್ಯಾಲೆ. ನೂರು ಹೆಜ್ಜಿ ದೂರದಾಗ 4.8 ಕಿಲೋವ್ಯಾಟ್ ಸುಮ್ನೆ ನಿಂತದ, ಇಲ್ಲಿ ಡೀಸೆಲ್ ಹೊಗಿ ಕುಡಿಯೋದು. ಮಾವ ಒಮ್ಮೆ ಯಾರನ್ನೋ ಕರ್ಕೊಂಡು ಬಂದು ಪ್ಯಾನೆಲ್ಲಿಂದ ಗಿರಣಿಗೆ ವೈರ್ ಎಳಸಾಕ ನೋಡಿದ್ರಂತೆ. ಪಂಪ್ ಹಾಕಿದ ಕಂಪನಿಯ ಹುಡುಗ ಬಂದು ನೋಡಿ, "ಇದನ್ನ ಮುಟ್ಟಿದ್ರೆ ವಾರಂಟಿ ಹೋಯ್ತು, ಮೇಲಾಗಿ ಇದು ಪಂಪಿಗಷ್ಟೇ ಕೊಟ್ಟಿರೋದು, ಬೇರೇದಕ್ಕೆ ಬಳಸಿದ್ರೆ ಕೇಸ್ ಆಗ್ತದ" ಅಂತ ಹೆದರಿಸಿ ಹೋದ. ಕೇಸ್ ಆಗ್ತದೋ ಇಲ್ಲೋ, ಮಾವ ಅಂತೂ ವೈರ್ ಸುತ್ತಿ ಅಟ್ಟದ ಮ್ಯಾಲೆ ಇಟ್ರು.

ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಮಾವನ ಹತ್ರ ಇರೋ ಕಂಟ್ರೋಲರ್ ಪಂಪ್ ಒಂದನ್ನೇ ಓಡಿಸ್ತದ. ಅದಕ್ಕ ಗಿರಣಿ ಕಟ್ಟಿದ್ರೆ ಮೋಟಾರ್ ಸುಡಬಹುದು. ಆದ್ರೆ ಇದಕ್ಕಂತಲೇ ಯುನಿವರ್ಸಲ್ ಸೋಲಾರ್ ಪಂಪ್ ಕಂಟ್ರೋಲರ್ ಅಂತ ಒಂದು ಬರ್ತದ. ಪಂಪ್ ಬ್ಯಾಡ ಅಂದಾಗ ಅದೇ ಪ್ಯಾನೆಲ್ಲಿಂದ ಗಿರಣಿ, ಮೇವು ಕತ್ತರಿಸೋ ಮಷಿನ್, ಸಣ್ಣ ಕೋಲ್ಡ್ ಸ್ಟೋರೇಜ್ ಓಡಿಸಬಹುದು. ಪಿಎಂ ಕುಸುಮ್ ಯೋಜನೆಯೊಳಗೇ ಇದಕ್ಕ ಅವಕಾಶ ಅದ. ಯಾರಿಗೂ ಹೇಳಲ್ಲ, ಕೇಳಿದವರಿಗೂ ಸಿಗಲ್ಲ.

ಈಗ ಮಾವನ ಹೊಲಕ್ಕೆ ಸೋಲಾರ್ ಯಾಕೆ ಬಂತು ಅನ್ನೋದನ್ನ ಹೇಳಬೇಕು. ಬೋರ್ ಹಾಕಿಸಿದ ರೈತ ಮೊದಲು ಅಕ್ರಮ-ಸಕ್ರಮದಾಗ ಅರ್ಜಿ ಹಾಕಿ, ದುಡ್ಡು ಕಟ್ಟಿ, ಕಂಬ, ವೈರ್, ಟಿಸಿಗೆ ಕಾಯ್ತಿದ್ದ. 2023ರ ಸೆಪ್ಟೆಂಬರ್ ಆದಮೇಲೆ ಹೊಸ ಪಂಪ್‌ಸೆಟ್ಟಿಗೆ ಆ ಖರ್ಚೆಲ್ಲ ರೈತನೇ ಹಾಕ್ಕೋಬೇಕು ಅಂತಾಯ್ತು. ಲೈನಿನಿಂದ 500 ಮೀಟರ್ ಆಚೆ ಬೋರ್ ಇದ್ರೆ ಕಂಬದ ಆಸೆ ಬಿಡು, ಸೋಲಾರ್ ತಗೋ ಅಂತ. ಅದಕ್ಕ ರಾಜ್ಯದ ಪಾಲನ್ನ 30ರಿಂದ 50 ಪರ್ಸೆಂಟಿಗೆ ಏರಿಸಿದ್ರು, ಕೇಂದ್ರದ್ದು 30, ರೈತ ಕಟ್ಟೋದು 20. ಇದು ಒಳ್ಳೇ ಯೋಜನೆ ಅಂತಾನೇ ನನ್ನ ಅಭಿಪ್ರಾಯ. ಮಾವ ಈಗ ರಾತ್ರಿ ಎರಡು ಗಂಟೆಗೆ ಎದ್ದು ಬ್ಯಾಟರಿ ಹಿಡ್ಕೊಂಡು ಸ್ಟಾರ್ಟರ್ ಒತ್ತಾಕ ಹೋಗಲ್ಲ. ಹಾವು ಚೇಳಿನ ಭಯ ಇಲ್ಲ. ನನಗ ಗ್ರಿಡ್ ಕರೆಂಟ್ ಅದ, ನಾನು ಹೋಗ್ತೀನಿ. 7 ತಾಸು ಥ್ರೀ ಫೇಸ್ ಅಂತಾರ, 2023ರ ಬರದಾಗ 5 ತಾಸಿಗೂ ಇಳಿದಿತ್ತು.

ಹಂಗಾದ್ರೆ ತಕರಾರು ಏನು? ಕಾನೂನಿನ ಪುಸ್ತಕದಾಗ ಮಾವ ಯಾರು ಅನ್ನೋದೇ ತಕರಾರು.

2020ರ ಡಿಸೆಂಬರ್‌ನಾಗ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ತಂತು. ಅದರಾಗ ಒಂದು ಹೊಸ ಶಬ್ದ, ಪ್ರೋಸ್ಯೂಮರ್. ಕರೆಂಟ್ ಬಳಸುವವನೂ ಅವನೇ, ತಯಾರಿಸಿ ಲೈನಿಗೆ ಕೊಡುವವನೂ ಅವನೇ. ಅವನಿಗೆ ಉಳಿದ ಗ್ರಾಹಕರಿಗೆ ಇರೋ ಎಲ್ಲ ಹಕ್ಕೂ ಉಂಟು, ಮೇಲಾಗಿ ತಾನೇ ಸೋಲಾರ್ ಹಾಕ್ಕೊಳ್ಳೋ ಹಕ್ಕೂ ಉಂಟು. 2024ರ ಫೆಬ್ರವರಿಯಲ್ಲಿ ಈ ನಿಯಮಕ್ಕೆ ತಿದ್ದುಪಡಿ ಬಂತು. ಮನೆ ಮಾಳಿಗೆ ಮೇಲೆ 10 ಕಿಲೋವ್ಯಾಟ್ ತನಕ ಸೋಲಾರ್ ಹಾಕೋರಿಗೆ ತಾಂತ್ರಿಕ ತಪಾಸಣೆ ಅಂತ ಕಾಯಿಸಂಗಿಲ್ಲ, ಅರ್ಜಿ ಒಪ್ಪಿದಂಗೇ ಲೆಕ್ಕ. 5 ಕಿಲೋವ್ಯಾಟ್ ತನಕ ಆದ್ರೆ, ಲೈನ್ ಬಲಪಡಿಸಬೇಕಾದ್ರೂ ಆ ಖರ್ಚು ಕಂಪನಿದೇ.

ಈಗ ನೋಡ್ರಿ. ಬೆಂಗಳೂರಾಗ ಒಬ್ಬರ ಮಾಳಿಗಿ ಮ್ಯಾಲೆ 4.8 ಕಿಲೋವ್ಯಾಟ್ ಅದ. ನಮ್ಮ ಮಾವನ ಹೊಲದಾಗೂ 4.8 ಕಿಲೋವ್ಯಾಟ್ ಅದ. ಅದೇ ಸೂರ್ಯ, ಬಿಸಿಲು ನಮ್ಮ ಕಡೆನೇ ಒಂದು ಕೈ ಹೆಚ್ಚು. ಆದ್ರೆ ಅವರು ಪ್ರೋಸ್ಯೂಮರ್. ಮಾವ ಬರೀ ಫಲಾನುಭವಿ. ಯಾಕಂದ್ರೆ ಆ ನಿಯಮದಾಗ ಪ್ರೋಸ್ಯೂಮರ್ ಆಗಬೇಕಂದ್ರೆ ಗ್ರಿಡ್ಡಿನಿಂದ ಕರೆಂಟ್ ತಗೊಳ್ಳೋನಾಗಿರಬೇಕು, ತಗೊಳ್ಳೋ ಜಾಗದಿಂದಲೇ ವಾಪಸ್ ಕೊಡೋನಾಗಿರಬೇಕು. 500 ಮೀಟರ್ ಆಚೆ ಇದ್ದೀ ಅಂತ ಹೇಳಿ ಗ್ರಿಡ್ ಕೊಡದೇ ಇರೋದು ಒಂದು ಇಲಾಖೆ. ಗ್ರಿಡ್ ಇಲ್ಲ ಅಂತ ಹೇಳಿ ಹಕ್ಕು ಕೊಡದೇ ಇರೋದು ಇನ್ನೊಂದು ನಿಯಮ. ನಡುವೆ ಮಾವ.

ನಮ್ಮ ಜಿಲ್ಲೆ ಇಡೀ ರಾಜ್ಯಕ್ಕೆ ಕರೆಂಟ್ ಕೊಟ್ಟ ಜಿಲ್ಲೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ಕಲ್ಲಿದ್ದಲು ಸುಡ್ತಾ ಬಂದದ, ಎಂಟು ಯೂನಿಟ್ ಸೇರಿ 1,720 ಮೆಗಾವ್ಯಾಟ್. ಯರಮರಸ್ಸಿನಾಗ ಇನ್ನೂ 1,600. ಬೂದಿ ನಮಗ, ಬೆಳಕು ಊರಿಗೆ. ದೀಪದ ಬುಡದಾಗ ಕತ್ತಲು ಅನ್ನೋದು ಇದಕ್ಕೇ ಇರಬೇಕು.

ರೈತ ಕರೆಂಟ್ ಮಾರೋದು ಅಂದ್ರೆ ಕನಸಿನ ಮಾತು ಅಂತ ಕೆಲವರು ನಗ್ತಾರ. ಅದು ನಮ್ಮ ರಾಜ್ಯದಾಗೇ ಆಗ್ಯದ. 2014ರ ಸೋಲಾರ್ ನೀತಿ ಬಂದ ಹೊತ್ತಿನಾಗ 'ಸೂರ್ಯ ರೈತ' ಅಂತ ಯೋಜನೆ ಘೋಷಣೆ ಆಯ್ತು. ಕನಕಪುರ ತಾಲೂಕಿನ ಹಾರೋಬೆಲೆ ಕಡೆ ಒಂದು ಫೀಡರಿನ ಸುಮಾರು ಮುನ್ನೂರು ಪಂಪ್‌ಸೆಟ್ಟಿಗೆ ಬೆಸ್ಕಾಂ ಸೋಲಾರ್ ಹಾಕಿ, ಪಂಪಿಗೆ ಬೇಕಾದ್ದಕ್ಕಿಂತ ಜಾಸ್ತಿ ಪ್ಯಾನೆಲ್ ಕೊಟ್ಟು, ಮಿಕ್ಕಿದ್ದನ್ನ ಲೈನಿಗೆ ತಗೊಳ್ಳೋ ವ್ಯವಸ್ಥೆ ಮಾಡ್ತು. ರೈತರ ಸಂಘನೂ ಆಯ್ತು. ದೇಶದಾಗೇ ಮೊದಲಿನವರ ಸಾಲಿನಾಗ ನಾವು ಇದ್ವಿ. ಆಮ್ಯಾಲೆ ಅದು ಹಾರೋಬೆಲೆ ಬಿಟ್ಟು ರಾಜ್ಯದ ತುಂಬ ಹಬ್ಬಲಿಲ್ಲ.

ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಅನ್ನೋ ಊರಾಗ 2016ರಾಗ ಆರು ಜನ ರೈತರು ಸೇರಿ ಸೋಲಾರ್ ಸಹಕಾರ ಸಂಘ ಮಾಡಿದ್ರು. ಹಾಲಿನ ಡೈರಿ ಇದ್ದಂಗೇ ಕರೆಂಟಿನ ಡೈರಿ. ಅಲ್ಲಿನ ವಿದ್ಯುತ್ ಕಂಪನಿ ಯೂನಿಟಿಗೆ 4.63 ರೂಪಾಯಿ ಹಂಗೆ 25 ವರ್ಷದ ಒಪ್ಪಂದ ಮಾಡ್ಕೊಂತು. ಅವರ ಬೆನ್ನಿಗೆ ನಿಂತಿದ್ದು ಅಂತಾರಾಷ್ಟ್ರೀಯ ನೀರು ನಿರ್ವಹಣಾ ಸಂಸ್ಥೆ, ಅವರು ಅದರ ಮ್ಯಾಲೆ ಸ್ವಲ್ಪ ಬೋನಸ್ ಸೇರಿಸಿದ್ರು. ನೀರಿನ ಸಂಸ್ಥೆಗೆ ಕರೆಂಟ್ ಯಾಕೆ ಬೇಕಾಯ್ತು ಅಂತ ನನಗೂ ಮೊದಲು ತಿಳೀಲಿಲ್ಲ. ಅವರ ಲೆಕ್ಕ ಸರಳ. ಪ್ಯಾನೆಲ್ ಇದ್ದವನಿಗೆ ಬಿಸಿಲು ಪುಕ್ಕಟೆ, ಹಂಗಾಗಿ ಬೋರ್ ಬತ್ತೋ ತನಕ ನೀರೆತ್ತುತಾನ. ಮಿಕ್ಕಿದ ಕರೆಂಟಿಗೆ ಬೆಲೆ ಸಿಕ್ಕರೆ, ಈ ತಾಸು ನೀರು ಎತ್ಲೋ, ಕರೆಂಟ್ ಮಾರ್ಲೋ ಅಂತ ಯೋಚನೆ ಮಾಡ್ತಾನ. ಕರೆಂಟಿನ ಬೆಲೆನೇ ನೀರಿಗೆ ಕಡಿವಾಣ. ನಮ್ಮ ಮಸ್ಕಿ, ಲಿಂಗಸುಗೂರು ಖುಷ್ಕಿ ಭೂಮಿಗೆ, ಬೋರ್ ಆರುನೂರು ಅಡಿ ಇಳಿಸಿದ್ರೂ ಧೂಳೇ ಬರೋ ಕಡೆ, ಇದಕ್ಕಿಂತ ಮುಖ್ಯ ಯಾವುದೂ ಇಲ್ಲ.

ಕುಸುಮ್ ಯೋಜನೆಯೊಳಗೂ ಈ ದಾರಿ ಅದ. ಗ್ರಿಡ್ ಇರೋ ಪಂಪ್‌ಸೆಟ್ಟಿಗೆ ಅದರ ಎರಡು ಪಟ್ಟು ಸಾಮರ್ಥ್ಯದ ತನಕ ಪ್ಯಾನೆಲ್ ಹಾಕಿ, ಮಿಕ್ಕಿದ್ದನ್ನ ರೈತ ಕಂಪನಿಗೆ ಮಾರಬಹುದು ಅಂತ 'ಸಿ' ಭಾಗದಾಗ ಬರದದ. ಅದೇ ಭಾಗದಾಗ ಇನ್ನೊಂದು ದಾರಿನೂ ಅದ, ಒಬ್ಬೊಬ್ಬ ರೈತನ ಹೊಲ ಬಿಟ್ಟು ಸಬ್‌ಸ್ಟೇಷನ್ ಹತ್ರ ದೊಡ್ಡ ಸೋಲಾರ್ ಪ್ಲಾಂಟ್ ಹಾಕಿ ಇಡೀ ಫೀಡರಿಗೆ ಹಗಲು ಕರೆಂಟ್ ಕೊಡೋದು. ನಮ್ಮ ರಾಜ್ಯ ಒತ್ತು ಕೊಟ್ಟಿದ್ದು ಈ ಎರಡನೇದಕ್ಕೆ. ಗೌರಿಬಿದನೂರು ತಾಲೂಕಿನ ತೊಂಡೇಬಾವಿ ಹತ್ರ 2025ರಾಗ ಮುಖ್ಯಮಂತ್ರಿಗಳೇ ಬಂದು ಒಂದನ್ನ ಉದ್ಘಾಟನೆ ಮಾಡಿದ್ರು. ಹಗಲು ಕರೆಂಟ್ ಬಂದ್ರೆ ನಾನೇ ಮೊದಲು ಕೈ ಮುಗೀತೀನಿ. ಆದ್ರೆ ಪ್ಲಾಂಟ್ ಹೂಡಿಕೆದಾರನದು, ಮಾರೋನು ಅವನು, ಕೊಳ್ಳೋದು ಕಂಪನಿ. ರೈತ ಅಲ್ಲಿನೂ ಬರೀ ತಗೊಳ್ಳೋನು. ಪಾವಗಡದ 2,050 ಮೆಗಾವ್ಯಾಟ್ ಪಾರ್ಕಿನಾಗ 13,000 ಎಕರೆ ಹೊಲ ಗುತ್ತಿಗೆಗೆ ಹೋಯ್ತು, ರೈತನಿಗೆ ಬಂದದ್ದು ಎಕರೆಗೆ ಇಷ್ಟು ಅಂತ ವರ್ಷದ ಬಾಡಿಗಿ. ಬಾಡಿಗಿ ಕೆಟ್ಟದ್ದಲ್ಲ, ಬರದ ನಾಡಾಗ ಅದೂ ಒಂದು ಬೆಳಿನೇ. ಆದ್ರೆ ಭೂಮಿ ಬಾಡಿಗಿ ಕೊಡೋದು ಬ್ಯಾರೆ, ನಾನು ಬೆಳದದ್ದು ನಾನು ಮಾರೋದು ಬ್ಯಾರೆ.

ಇಷ್ಟು ಓದಿ ಕೆಲವರು "ಹಂಗಾದ್ರೆ ಎಲ್ಲಾ ನಿಯಮ ತೆಗೆದು ರೈತನ ಕೈಗೆ ಬಿಡ್ರಿ" ಅಂತ ಕಾಮೆಂಟ್ ಹಾಕ್ತೀರಿ, ಗೊತ್ತು. ನಾನು ಹಂಗ ಹೇಳಲ್ಲ. ಯಾಕೆ ಅಂತ ಹೇಳ್ತೀನಿ.

ಮೂರು ವರ್ಷದ ಕೆಳಗ ನಮ್ಮ ಸಿಂಧನೂರು ಕಡೆ ಮುಂಗಾರಿನ ಗಾಳಿ ಮಳಿಗೆ ಕಂಬ ಬಿದ್ದು ರಾತ್ರಿ ಪೂರ್ತಿ ಕರೆಂಟ್ ಇರಲಿಲ್ಲ. ಒಬ್ಬರು ಕೋಳಿ ಶೆಡ್ಡಿನವರು ಜನರೇಟರ್ ಹಚ್ಚಿದ್ರು. ಚೇಂಜ್ ಓವರ್ ಸ್ವಿಚ್ ಇರಲಿಲ್ಲ, ನೇರ ಬೋರ್ಡಿಗೇ ವೈರ್ ಸಿಗಿಸಿದ್ರು. ಬೆಳಿಗ್ಗೆ ನಮ್ಮ ಲೈನ್‌ಮನ್ ತಮ್ಮ ಬಂದು, ಆ ಕಡೆ ಲೈನ್ ಆಫ್ ಮಾಡ್ಸಿ, ಕಂಬ ಹತ್ತಿದ. ಹತ್ತಿದವನು ಒಮ್ಮೆಗೇ ಒದರಿ ಬೆಲ್ಟಿನ ಮ್ಯಾಲೆ ಜೋತು ಬಿದ್ದ. ಶೆಡ್ಡಿನ ಜನರೇಟರಿನ ಕರೆಂಟ್ ಟಿಸಿ ಒಳಗ ಹಿಂದಕ್ಕ ಹೋಗಿತ್ತು. ಟಿಸಿ ಹೆಂಗ 11,000 ವೋಲ್ಟನ್ನ 415ಕ್ಕೆ ಇಳಿಸ್ತದೋ, ಕೆಳಗಿಂದ ಕೊಟ್ರೆ ಹಂಗೇ ಮ್ಯಾಲಕ್ಕ ಏರಿಸ್ತದ. ಅವನ ಪುಣ್ಯ, ಬದುಕಿದ. ಎಡಗೈಯಾಗ ಎರಡು ಬೆರಳು ಈಗಲೂ ಮಡಚಲ್ಲ. ಹಬ್ಬಕ್ಕ ಮನಿಗೆ ಬಂದಾಗ ಚಾ ಲೋಟ ಬಲಗೈಲೇ ಹಿಡೀತಾನ.

ಆ ಬೆರಳು ನೋಡಿದ ಮ್ಯಾಲೆ ನಿಯಮ ಬ್ಯಾಡ ಅನ್ನೋ ಮಾತು ನನ್ನ ಬಾಯಿಂದ ಬರಲ್ಲ. ಲೈನಿಗೆ ಸೇರಿಸೋ ಸೋಲಾರ್ ಇನ್ವರ್ಟರ್ ಹೆಂಗಿರಬೇಕಂದ್ರೆ, ಲೈನ್ ಸತ್ತ ಕೂಡಲೇ ತಾನೂ ಸಾಯಬೇಕು. ಒಳ್ಳೇ ಇನ್ವರ್ಟರ್‌ಗಳು ಹಂಗೇ ಮಾಡ್ತಾವ. ಬಜಾರಿನಾಗ ಅಗ್ಗಕ್ಕೆ ಸಿಗೋ ಎಲ್ಲಾವೂ ಮಾಡ್ತಾವ ಅಂತ ನಂಬಾಕ ಆಗಲ್ಲ. ಇನ್ನೊಂದು, ಒಂದು 25 ಕೆವಿಎ ಟಿಸಿ ಮ್ಯಾಲೆ ಎಂಟು ಮಂದಿ ಪ್ಯಾನೆಲ್ ಕಟ್ಟಿ ಮಧ್ಯಾಹ್ನ ಒಮ್ಮೆಲೇ ಕರೆಂಟ್ ದೂಡಿದ್ರೆ ವೋಲ್ಟೇಜ್ ಏರಿ ಪಕ್ಕದ ಮನಿ ಟಿವಿ, ಫ್ರಿಜ್ ಸುಡ್ತಾವ. ಯಾವ ಟಿಸಿ ಎಷ್ಟು ತಡ್ಕೊಳ್ತದ ಅಂತ ಯಾರಾದ್ರೂ ಒಬ್ಬರು ಲೆಕ್ಕ ಇಡಲೇಬೇಕು. ಆ ಲೆಕ್ಕ ಆಫೀಸಿನ ಕಪಾಟಿನಾಗ ಇರದೇ, ಟಿಸಿ ಕಂಬದ ಮ್ಯಾಲೇ ಬರೆದ್ರೆ ನಮಗೂ ತಿಳೀತದ.

ನನ್ನ ಸ್ವಾರ್ಥದ ಮಾತೂ ಒಂದು ಅದ. ನಾನು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವನು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡದಾಗ ನಿದ್ದಿ ಇಲ್ಲದೇ ಕುಂತವರಾಗ ನಾನೂ ಒಬ್ಬ. ಆದ್ರೆ ಡ್ಯಾಮ್ ತುಂಬಿದ ವರ್ಷನೂ ನಮ್ಮ ತನಕ ನೀರು ಬರೋದು ಕಷ್ಟ, ಯಾಕಂತ ಎಲ್ಲರಿಗೂ ಗೊತ್ತು. ಮೇಲ್ಭಾಗದಾಗ ಕಾಲುವೆಗೆ ಪಂಪ್ ಇಟ್ಟು ಎತ್ತುತಾರ. ನಾವು ಧರಣಿ ಕುಂತ್ರೆ ಅಧಿಕಾರಿಗಳು ಮಾಡೋ ಮೊದಲ ಕೆಲಸ ಕಾಲುವೆ ಪಕ್ಕದ ಪಂಪ್‌ಸೆಟ್ಟಿನ ಕರೆಂಟ್ ತೆಗೆಸೋದು. ಈಗ ಹೇಳ್ರಿ, ಅಲ್ಲಿ ನಾಳೆ ಸೋಲಾರ್ ಪಂಪ್ ಬಂದು ಕುಂತ್ರೆ ಯಾರ ಕರೆಂಟ್ ತೆಗೀತೀರಿ? ಸೂರ್ಯನದಾ? ಲೆಕ್ಕಕ್ಕೆ ಸಿಗದ ಪ್ಯಾನೆಲ್ ಲಿಂಗಸುಗೂರಿನ ಮಾವನಿಗೆ ಅನ್ಯಾಯ ಮಾಡ್ತದ, ಸಿಂಧನೂರಿನ ಅಳಿಯನಿಗೂ ಅನ್ಯಾಯ ಮಾಡ್ತದ. ಮಾವನ ಹೆಸರು ಯಾವ ಪುಸ್ತಕದಾಗೂ ಇಲ್ಲ ಅಂತ ಅವರಿಗೆ ಹಕ್ಕಿಲ್ಲ. ಕಾಲುವೆ ಮ್ಯಾಲಿನ ಕಳ್ಳ ಪಂಪಿನ ಹೆಸರೂ ಇಲ್ಲ ಅಂತ ಅವನಿಗೆ ಹೊಣೆ ಇಲ್ಲ.

ಇನ್ನ ಕೂಡಿಡೋ ಮಾತು. ಕರೆಂಟ್ ಕೂಡಿಡೋದು ಅಂದ್ರೆ ಬ್ಯಾಟರಿ ಅಂತಾನೇ ಎಲ್ಲರೂ ತಿಳ್ಕೊಂಡಾರ. ರೈತನ ಮೊದಲ ಬ್ಯಾಟರಿ ಕೃಷಿ ಹೊಂಡ. ಮಧ್ಯಾಹ್ನದ ಬಿಸಿಲಿಗೆ ನೀರೆತ್ತಿ ಎತ್ತರದ ಹೊಂಡ ತುಂಬಿಸಿದ್ರೆ, ಸಂಜಿಗೆ ತಾನೇ ಇಳಿದು ಡ್ರಿಪ್ಪಿಗೆ ಹೋಗ್ತದ. ಲಿಂಗಸುಗೂರು ಕಡೆ ದಾಳಿಂಬೆ ಹಾಕಿದವರು ಇದನ್ನ ಮಾಡ್ಕೊಂಡಾರ. ಇದಕ್ಕ ಆಸಿಡ್ ಬ್ಯಾಡ, ಐದು ವರ್ಷಕ್ಕೊಮ್ಮೆ ಬದಲಿಸೋದು ಬ್ಯಾಡ. ಸೋಲಾರ್ ಪಂಪ್ ಕೊಡುವಾಗ ಜೊತಿಗೆ ಹೊಂಡ ಇದ್ದವರಿಗೆ ಮೊದಲ ಸಾಲು ಕೊಟ್ರೆ ಸರ್ಕಾರಕ್ಕೂ ಅಗ್ಗ ಅಂತ ನನಗನಿಸ್ತದ.

ಆದ್ರೆ ಹೊಂಡದ ನೀರಿನಿಂದ ಬಲ್ಬ್ ಹತ್ತಲ್ಲ. ಮಾವನ ಮನಿಯಾಗ ರಾತ್ರಿ ಬೆಳಕಿಗೆ ಒಂದು ಹಳೇ 12 ವೋಲ್ಟ್, 150 ಎಎಚ್ ಬ್ಯಾಟರಿ ಅದ. ಲೆಕ್ಕಕ್ಕೆ 1.8 ಯೂನಿಟ್, ಪೂರ್ತಿ ಇಳಿಸಿದ್ರೆ ಕೆಡ್ತದ ಅಂತ ಅರ್ಧಕ್ಕೇ ನಿಲ್ಲಿಸಬೇಕು, ಹಳೇದಾದ್ದರಿಂದ ಇನ್ನೂ ಕಡಿಮಿ. ಎರಡು ಬಲ್ಬು, ಒಂದು ಫ್ಯಾನು, ಮೊಬೈಲು. ಅದನ್ನ ಚಾರ್ಜ್ ಮಾಡೋದು ಸಪರೇಟ್ ಸಣ್ಣ ಪ್ಯಾನೆಲ್. ಪಕ್ಕದಾಗ ನಿಂತ ಹದಿನಾರು ಪ್ಯಾನೆಲ್ಲಿನಿಂದ ಒಂದು ಹನಿನೂ ತಗೊಳ್ಳಂಗಿಲ್ಲ. ರಾತ್ರಿ ಅಂಗಳದಾಗ ಮಲಗಿದ್ರೆ ದೂರಕ್ಕ ಹಟ್ಟಿ ಚಿನ್ನದ ಗಣಿ ಕಡೆ ದೀಪದ ಬೆಳಕು ಕಾಣ್ತದ. ಮಾವ ಅದನ್ನ ತೋರಿಸಿ ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಕೂಡಿಟ್ಟ ಕರೆಂಟಿಗೆ ಈಗ ಬೆಲೆ ಬರ್ಲಿಕ್ಕತ್ತದ ಅನ್ನೋದನ್ನ ನಮ್ಮವರು ಗಮನಿಸಬೇಕು. 2023ರ ಜೂನಿನಾಗ ಅದೇ ಗ್ರಾಹಕರ ಹಕ್ಕುಗಳ ನಿಯಮಕ್ಕೆ ಇನ್ನೊಂದು ತಿದ್ದುಪಡಿ ಬಂತು. ಬಿಸಿಲಿರೋ ತಾಸಿನಾಗ ಕರೆಂಟ್ ರೇಟ್ ಕಡಿಮಿ, ಸಂಜಿ ಬೇಡಿಕೆ ಏರಿದಾಗ ಜಾಸ್ತಿ. ಮೊದಲು ದೊಡ್ಡ ವ್ಯಾಪಾರ, ಕೈಗಾರಿಕೆಗೆ, ಆಮ್ಯಾಲೆ ಉಳಿದವರಿಗೆ, ಕೃಷಿ ಒಂದನ್ನ ಬಿಟ್ಟು. ಬಿಟ್ಟಿದ್ದು ನಮ್ಮ ಒಳ್ಳೇದಕ್ಕೇ ಅಂತ ತಿಳ್ಕೊಳ್ಳೋಣ, 10 ಎಚ್‌ಪಿ ತನಕ ಬಿಲ್ಲೇ ಇಲ್ಲದವರಿಗೆ ರೇಟಿನ ಮಾತು ಎಲ್ಲಿದು. ಆದ್ರೆ ಇದರ ಅರ್ಥ ಏನು? ಮಧ್ಯಾಹ್ನದ ಕರೆಂಟ್ ಬಜಾರಿನಾಗ ಸುರೀತದ, ಸಂಜಿ ಏಳರ ಕರೆಂಟಿಗೆ ರೊಕ್ಕ. ಸುಗ್ಗಿ ದಿನ ಎಲ್ಲರೂ ಒಮ್ಮೆಲೇ ನೆಲ್ಲು ತಂದು ಸುರಿದಾಗ ರೇಟ್ ಬೀಳ್ತದ, ಗೋದಾಮಿನಾಗ ಇಟ್ಟವನು ಮೂರು ತಿಂಗಳ ಮ್ಯಾಲೆ ಗೆಲ್ತಾನ. ಸಿಂಧನೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾ?

ನಮ್ಮ ಸಿಂಧನೂರಿನ ರೈಸ್ ಮಿಲ್ಲಿನವರು ಇದನ್ನ ನಮಗಿಂತ ಮೊದಲು ತಿಳ್ಕೊಳ್ತಾರ. ಅವರಿಗೆ ದೊಡ್ಡ ಶೆಡ್ಡಿನ ಮಾಳಿಗಿ ಅದ, ಲೈನ್ ಅದ, ಲೆಕ್ಕ ಬರೆಯೋ ಗುಮಾಸ್ತ ಅದಾನ. ಹಾಕ್ಲಿ, ನನಗೇನೂ ಹೊಟ್ಟಿಕಿಚ್ಚಿಲ್ಲ. ಕೂಡಿಡೋ ಗೋದಾಮು ಅವರದೇ ಆಗಿ, ನಾವು ಮತ್ತೆ ಸುಗ್ಗಿ ರೇಟಿಗೆ ಮಾರೋರಾಗಬಾರದು ಅಷ್ಟೇ. 2022ರ ಡಿಸೆಂಬರ್‌ನಾಗ ಕೇಂದ್ರ ಬರೆದ ನಿಯಮದಾಗ ವಿದ್ಯುತ್ ಸಂಗ್ರಹ ಯಾರು ಮಾಡಬಹುದು ಅಂತ ಪಟ್ಟಿ ಇತ್ತು. ಉತ್ಪಾದನಾ ಕಂಪನಿ, ಪ್ರಸರಣ ಕಂಪನಿ, ವಿತರಣಾ ಕಂಪನಿ, ಗ್ರಿಡ್ ನಡೆಸೋರು, ಸಂಗ್ರಹವನ್ನೇ ಸೇವೆಯಾಗಿ ಕೊಡೋ ಸ್ವತಂತ್ರ ಸಂಸ್ಥೆ. ಗ್ರಾಹಕ ಅನ್ನೋ ಶಬ್ದ ಆ ಸಾಲಿನಾಗ ಇರಲಿಲ್ಲ. ಪಟ್ಟಿ ಬರೆಯೋ ಹೊತ್ತಿಗೆ ನಾವು ಯಾರಿಗೂ ನೆನಪಾಗಲಿಲ್ಲ.

ಬ್ಯಾಟರಿ ಹಾಕಂಗಾದ್ರೂ ನಿಯಮ ಬೇಕು ಅಂತೀನಿ. ನಮ್ಮ ಕಡೆ ಈಗ ಹಳೇ ಇ-ರಿಕ್ಷಾ ಬ್ಯಾಟರಿ ತಂದು ಮನಿಗೆ ಜೋಡಿಸೋ ಹುಡುಗರು ಶುರುವಾಗ್ಯಾರ. ಲಿಥಿಯಂ ಕೆಟ್ಟು ಹತ್ತಿದ್ರೆ ನೀರು ಹೊಡೆದು ಆರಿಸೋದು ಸುಲಭದ ಮಾತಲ್ಲ, ಹತ್ತಿ ಬಣವಿ ಪಕ್ಕದಾಗ ಇಟ್ರೆ ಮುಗೀತು. ಸತ್ತ ಸೀಸದ ಬ್ಯಾಟರಿ ಗುಜರಿಗೆ ಹೋಗ್ತದ, ಆಸಿಡ್ ಹಳ್ಳಕ್ಕ ಸುರೀತಾರ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ತಯಾರಿಸಿದ ಕಂಪನಿಗೇ ವಾಪಸ್ ತಗೊಂಡು ಮರುಬಳಕೆ ಮಾಡಿಸೋ ಹೊಣೆ. ಮಸ್ಕಿ ಸಂತ್ಯಾಗ ನಿಂತು ಈ ನಿಯಮ ಕೇಳಿದ್ರೆ ಗುಜರಿಯವ ನಗ್ತಾನ.

ಒಬ್ಬ ಗೆಳೆಯರು, ವಿದ್ಯುತ್ ಇಲಾಖೆಯಾಗ ಕೆಲಸ ಮಾಡಿ ನಿವೃತ್ತಿ ಆದವರು, ಇದನ್ನೆಲ್ಲ ಕೇಳಿ ಒಂದು ಮಾತು ಅಂದ್ರು. "ಪುಕ್ಕಟೆ ಕರೆಂಟ್ ತಗೊಳ್ಳೋರು ನೀವು, ಈಗ ಮಾರಾಕ ಬರ್ತೀರಿ. ಕಂಪನಿ ಎರಡೂ ಕಡೆ ರೊಕ್ಕ ಕೊಡಬೇಕೇನು?" ಚುಚ್ಚಿತು, ಆದ್ರೆ ತಪ್ಪಲ್ಲ. ಊರಾಗ ಮಾಳಿಗಿ ಸೋಲಾರಿಗೂ ಇದೇ ಕಥಿ. ಕೇಂದ್ರ 2024ರಿಂದ ಸೂರ್ಯ ಘರ್ ಅಂತ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಕೊಡ್ತದ, ರಾಜ್ಯ 2023ರಿಂದ ಗೃಹಜ್ಯೋತಿ ಅಂತ 200 ಯೂನಿಟ್ ಒಳಗಿನವರ ಬಿಲ್ಲು ಕಟ್ತದ. ಬಿಲ್ಲೇ ಬರದವ ಮಾಳಿಗಿ ಮ್ಯಾಲೆ ಯಾಕ ಪ್ಯಾನೆಲ್ ಹಾಕ್ತಾನ? ಹಂಗಾಗಿ ನನ್ನಂಥ ಗ್ರಿಡ್ ಪಂಪಿನವರು ಮಾರಬೇಕಂದ್ರೆ ಮೀಟರ್ ಹಾಕಿಸ್ಕೊಳ್ಳಾಕ ಒಪ್ಪಬೇಕು. ಪುಕ್ಕಟೆ ಕರೆಂಟ್ ಅನಿಯಮಿತ ಬ್ಯಾಡ, ವರ್ಷಕ್ಕೆ ಇಷ್ಟು ಯೂನಿಟ್ ಅಂತ ಗೊತ್ತು ಮಾಡ್ಲಿ, ಉಳಿಸಿದ್ದಕ್ಕೆ ರೊಕ್ಕ ಕೊಡ್ಲಿ. ಮೀಟರ್ ಅಂದ್ರೆ ರೈತ ಸಂಘದ ಗೆಳೆಯರು ನನ್ನ ಮ್ಯಾಲೆ ಸಿಟ್ಟಾಗ್ತಾರ, ನಲವತ್ತು ವರ್ಷದಿಂದ ಬ್ಯಾಡ ಅಂದ ವಸ್ತು ಅದು. ಬಿಲ್ ವಸೂಲಿಗೆ ಬಂದ ಮೀಟರ್ ಬ್ಯಾಡ ಅಂದದ್ದು ಸರಿನೇ ಇತ್ತು. ಹಾಲಿನ ಡೈರಿಯಾಗ ಅಳತಿ ಲೋಟ ಬ್ಯಾಡ ಅಂತ ಯಾವ ರೈತನೂ ಅಂದಿಲ್ಲ.

ಮಾವನಂಥ ಆಫ್ ಗ್ರಿಡ್ ರೈತರದ್ದು ಬ್ಯಾರೆ ಲೆಕ್ಕ, ಅವರು ಕಂಪನಿಯಿಂದ ಒಂದು ಯೂನಿಟ್ಟೂ ತಗೊಂಡಿಲ್ಲ. ಅವರಿಗೆ ನಾನು ಕೇಳೋದು ಭಾಳ ಇಲ್ಲ. ಪ್ಯಾನೆಲ್ ಅವರದು ಅಂತ ಬರೆದು ಕೊಡ್ರಿ. ಗಿರಣಿ, ಮೇವಿನ ಮಷಿನ್, ಮನಿ ಬೆಳಕಿಗೆ ಬಳಸೋದು ತಪ್ಪಲ್ಲ ಅಂತ ಒಂದು ಸಾಲು ಆದೇಶ ಮಾಡ್ರಿ, ಅದಕ್ಕ ತಕ್ಕ ಕಂಟ್ರೋಲರಿಗೂ ಸಬ್ಸಿಡಿ ಸೇರಿಸ್ರಿ. ನಾಲ್ಕೈದು ಹೊಲದವರು ಸೇರಿ ತಮ್ಮೊಳಗೇ ವೈರ್ ಎಳ್ಕೊಂಡು ಹಂಚ್ಕೊಂತೀವಿ ಅಂದ್ರೆ ಅದಕ್ಕ ಸುರಕ್ಷತಾ ನಿಯಮ ಹೇಳ್ರಿ. ಮುಂದ ಎಂದಾದ್ರೂ ಲೈನ್ ಆ ಕಡೆ ಬಂದಾಗ ಸೇರಿಸ್ಕೊಳ್ತೀವಿ ಅಂತ ಈಗಲೇ ಹೇಳ್ರಿ, ಬಂದ ದಿನ ಮತ್ತೆ ಹೊಸ ಅರ್ಜಿ ಹಾಕಿಸಬ್ಯಾಡ್ರಿ. ಇದಕ್ಕೆಲ್ಲ ಮೊದಲು ಅವರಿಗೊಂದು ನಂಬರ್ ಬೇಕು.

ಇದನ್ನೆಲ್ಲ ಎಲ್ಲಿ ಕೇಳೋದು? ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 1999ರಿಂದ ಅದ. ದರ ನಿಗದಿ ಮಾಡೋ ಮೊದಲು ಜನರ ಆಕ್ಷೇಪಣೆ, ಸಲಹೆ ಕೇಳಬೇಕು ಅಂತ 2003ರ ವಿದ್ಯುತ್ ಕಾಯ್ದೆಯ 64ನೇ ಸೆಕ್ಷನ್ ಹೇಳ್ತದ. 2025ರ ಮಾರ್ಚಿನಾಗ ಮೂರು ವರ್ಷದ ದರ ಒಮ್ಮೆಲೇ ಗೊತ್ತು ಮಾಡಿದ್ದರಿಂದ ದರದ ಮಾತು ಈಗ ತಣ್ಣಗಾಗ್ಯದ. ಆದ್ರೆ ಸೋಲಾರ್ ಖರೀದಿ, ಸಂಗ್ರಹದ ನಿಯಮದ ಕರಡು ಬಂದಾಗಲೂ ಆಯೋಗ ಅಭಿಪ್ರಾಯ ಕೇಳ್ತದ. ಬೆಂಗಳೂರಿನ ಉದ್ಯಮದವರು ವಕೀಲರನ್ನ ಇಟ್ಟು ಬರೀತಾರ. ನಮ್ಮ ಮೂರು ತಾಲೂಕಿನಿಂದ ಒಂದು ಕಾಗದ ಹೋದ್ರೂ ಅದು ಕಡತಕ್ಕೆ ಸೇರ್ತದ.

ಅವತ್ತು ಸಂಜಿ ಮಾವನ ಅಂಗಳದಾಗ ಕುಂತು ಅಂಥದ್ದೊಂದು ಕಾಗದ ಬರದ್ವಿ. ಮಾವ ಹೇಳಿದ್ರು, ನಾನು ಬರದೆ. ಹೆಸರು, ಊರು, ತಾಲೂಕು, ಸರ್ವೆ ನಂಬರ್, ಎಷ್ಟು ಎಚ್‌ಪಿ, ಎಷ್ಟು ಪ್ಯಾನೆಲ್. ನನ್ನ ಹಳೇ ಅರ್ಜಿಯ ನಮೂನೆ ನೋಡ್ಕೊಂತ ಬರೀತಿದ್ದೆ, ಅದರಾಗ ಎಲ್ಲಕ್ಕೂ ಮೇಲೆ ಆರ್‌ಆರ್ ನಂಬರ್ ಅಂತ ಇತ್ತು.

"ನಂದು ಆರ್‌ಆರ್ ನಂಬರ್ ಇಲ್ಲಲ್ಲೋ ಅಳಿಯಾ. ಅದು ಇಲ್ಲದವ ಬರಿಬಹುದೇನು?"

"ಬರಿಬಹುದು ಮಾವ, ಯಾರು ಬೇಕಾದ್ರೂ ಬರಿಬಹುದು."

"ಮತ್ತ ಅಲ್ಲಿ ಏನಂತ ಹಾಕ್ತಿ?"

ಸ್ವಲ್ಪ ಹೊತ್ತು ಯೋಚನೆ ಮಾಡಿ 'ಕೊಟ್ಟಿಲ್ಲ' ಅಂತ ಬರದೆ. ಮಾವ ಕನ್ನಡಕ ಹಾಕ್ಕೊಂಡು ಓದಿ, ಕೆಳಗ ಸಹಿ ಮಾಡಿದ್ರು.